ನೀರಿಗೆ ದಾರಿ ಬಿಟ್ಟ ರಿಂಗು

ಅದು ಶುಕ್ರವಾರ, ವರ್ಕ್‌ಶಾಪಿಗೆ ರಜೆ. ಗುರುವ ಅಡಿಗೆಮನೆಯ ನೆಲದ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದ. ಮೀನು ಅವನೇ ಕೊಯ್ಯಬೇಕು. ಹೆಂಡತಿಯ ಕೈಗೆ ಕೊಟ್ಟರೆ ತಲೆಯ ಜೊತೆ ಅರ್ಧ ಮೀನೂ ಹೋಗುತ್ತದೆ ಎಂಬುದು ಅವನ ದೂರು. ಹೆಂಡತಿ ವಾರಿಜಾಕ್ಷಿ ಎದುರಿಗೆ ಕೂತಿದ್ದಳು. ಕಾಯಿ ತುರಿಯುವ ಮಣೆಯ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ರಿಂಗನ್ನು ಕಾಲಿನಿಂದ ಅದುಮಿ ಹಿಡಿದು, ಕೈ ಡ್ರಿಲ್ಲು ತಿರುಗಿಸಿ ಅದಕ್ಕೆ ತೂತು ಹಾಕುತ್ತಿದ್ದಳು.

"ನಿಧಾನ ಮಾರಾಯ್ತಿ. ಮಗುವಿನ ಕಿವಿ ಚುಚ್ಚುವ ಹಾಗೆ ಚುಚ್ಚು."

"ಅಷ್ಟು ಕನಿಕರ ಇದ್ದರೆ ನೀವೇ ಚುಚ್ಚಿ."

"ನನ್ನ ಕೈಯಿಂದ ಆಗುವುದಿಲ್ಲ. ಒಳ್ಳೆ ಸಾಮಾನಿಗೆ ಒಟ್ಟೆ ಹಾಕುವುದನ್ನು ನನಗೆ ಯಾರೂ ಕಲಿಸಿಲ್ಲ."

"ನನಗೆ ಕಲಿಸಿದ್ದಾರಾ?"

"ನಿನಗೆ ಎಂತಕ್ಕೆ ಕಲಿಸುವುದು? ನನ್ನ ಬನಿಯನ್ ಎಲ್ಲ ಒಗೆದು ಒಗೆದು ಒಟ್ಟೆ ಮಾಡಿದವಳು ನೀನೇ ಅಲ್ವಾ?"

ಪಕ್ಕದ ಕೋಣೆಯಿಂದ ಮಗಳು ಕುಸುಮ ಕೂಗಿದಳು. "ಪಪ್ಪಾ, ಪ್ಲೀಸ್! ಐ ಆಮ್ ಸ್ಟಡಿಯಿಂಗ್!" ಅವಳು ಹತ್ತನೆಯ ಕ್ಲಾಸು. ಮಾರ್ಚಿಗೆ ಬೋರ್ಡಿನ ಪರೀಕ್ಷೆ. ಗಂಡ ಹೆಂಡತಿ ಇಬ್ಬರೂ ಬಾಯಿ ಮುಚ್ಚಿದರು. ಡ್ರಿಲ್ಲಿನ ಶಬ್ದ ಮಾತ್ರ ಉಳಿಯಿತು.

ಆ ರಿಂಗು ಕಡಲ ಅಡಿಗೆ ಹೋಗುವ ಸಾಮಾನು. ನೀರೊಳಗೆ ಇಳಿದು ಪುಟ್ಟ ಪುಟ್ಟ ಜೀವಗಳ ಫೋಟೊ ತೆಗೆಯುವವರು ಇರುತ್ತಾರೆ. ಅಕ್ಕಿಕಾಳಿನಷ್ಟು ಹುಳ ಫೋಟೊದಲ್ಲಿ ಅಂಗೈಯಗಲ ಕಾಣಬೇಕು ಎಂದರೆ ಕ್ಯಾಮರಾದ ಮೂತಿಗೆ ಇನ್ನೊಂದು ದಪ್ಪ ಗಾಜು ಸೇರಿಸಬೇಕು. ಆ ಗಾಜನ್ನು ಕ್ಯಾಮರಾದ ಮುಂದೆ ಹಿಡಿದಿಡುವುದು ಈ ರಿಂಗು. ಪಕ್ಕದಲ್ಲಿ ಒಂದು ಕೀಲು. ಚಿಕ್ಕ ಜೀವ ಸಿಕ್ಕಿದಾಗ ಗಾಜನ್ನು ಬಾಗಿಲಿನ ಹಾಗೆ ಮುಚ್ಚುವುದು, ದೊಡ್ಡ ಮೀನು ಬಂದಾಗ ತೆರೆದು ಬದಿಗೆ ಸರಿಸುವುದು. ಕೈಗವಸು ಹಾಕಿದವರು ಹೆಬ್ಬೆರಳಲ್ಲೇ ಮಾಡುವ ಹಾಗೆ ಇರಬೇಕು.

ಸಂಜೆ ಮೂವರೂ ಮಸ್ಕತ್ತಿನ ಮತ್ರಾದ ಕಡಲ ದಂಡೆಗೆ ಹೋದರು. ಗುರುವ ನೆಲಗಡಲೆ ಕೊಂಡ. ಕಟ್ಟೆಯಿಂದ ದೂರವೇ ನಿಂತು ತಿಂದ. ನೀರು ಕಂಡರೆ ಅವನಿಗೆ ಹೆದರಿಕೆ. ಕಡಲ ಅಡಿಗೆ ಸಾಮಾನು ಕಳಿಸುವ ಮನುಷ್ಯನಿಗೆ ಮೊಣಕಾಲ ನೀರು ದಾಟಲು ಬರುತ್ತಿರಲಿಲ್ಲ. ಕುಸುಮ ನಗಾಡಿದಳು. ಮನೆಗೆ ಬಂದು ಬಂಗುಡೆ ಸಾರಿನಲ್ಲಿ ಊಟ ಮಾಡಿ ಮಲಗಿದರು. ಅಷ್ಟೇ ಆ ದಿನ.

ಮರುದಿನ ಬೆಳಿಗ್ಗೆ ತೂತು ಹಾಕಿದ ರಿಂಗುಗಳನ್ನು ಹಳೆಯ ಲುಂಗಿಯಲ್ಲಿ ಕಟ್ಟಿಕೊಂಡು ವರ್ಕ್‌ಶಾಪಿಗೆ ಹೋದ. ಚಹಾದ ಹೊತ್ತಿಗೆ ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತ. "ಅಂಗಾರ, ಸ್ವಲ್ಪ ನೀರು ಕೊಡು" ಎಂದ. ಅಂಗಾರ ಅವನ ಕೆಳಗೆ ಕೆಲಸ ಕಲಿತವ, ಊರಿನವನೇ. ಅವನು ಲೋಟ ತರುವಷ್ಟರಲ್ಲಿ ಗುರುವ ಇರಲಿಲ್ಲ. ಎದೆ ನಿಂತಿತ್ತು. ಅದು ಕೊಲ್ಲಿಯ ಯುದ್ಧ ಮುಗಿದ ವರ್ಷದ ನವೆಂಬರ್.

ಗುರುವ ವಿಟ್ಲದ ಕಡೆಯವನು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಲೇತು ಕಲಿತ. ಒಮಾನಿಗೆ ಬಂದದ್ದು ಹಾಜಬ್ಬ ಬ್ಯಾರಿಗಳಿಂದ. ಬ್ಯಾರಿಗಳಿಗೆ ಮತ್ರಾದ ಸೂಕಿನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಅಂಗಡಿ. ಹಗ್ಗ, ಬಲೆ, ಗಾಳ ಮಾರುವುದು. ಊರಿನಲ್ಲಿ ಗುರುವನ ಅಪ್ಪನೂ ಅವರ ಅಪ್ಪನೂ ಒಂದೇ ಗುಡ್ಡೆಯ ಆಚೆ ಈಚೆ ಇದ್ದವರು. ಆ ಲೆಕ್ಕದಲ್ಲಿ ಬ್ಯಾರಿಗಳು ಅವನಿಗೆ ವೀಸಾ ಮಾಡಿಸಿಕೊಟ್ಟರು. ಒಂದು ಕಾಸು ಮುಟ್ಟಲಿಲ್ಲ.

ಮೊದಲು ಹಾಕಿದ್ದು ರುಸ್ತಾಕಿಗೆ. ಅಲ್ಲಿ ಖರ್ಜೂರದ ತೋಟಗಳ ಪಂಪು ರಿಪೇರಿ. ಪಂಪು ಎಂದರೆ ಒಸರುತ್ತದೆ. ಸಂದಿಯಲ್ಲಿ ಹನಿ ಹನಿ ನೀರು ಸೋರಿ ಹೋಗುತ್ತದೆ. ಆ ದೇಶದಲ್ಲಿ ಒಂದು ಹನಿ ನೀರಿಗೂ ಬೆಲೆ. ಗುರುವ ರಿಪೇರಿ ಮಾಡಿದ ಪಂಪು ಒಸರುತ್ತಿರಲಿಲ್ಲ. ತೋಟದ ಮುದುಕರು ಪಂಪಿನ ಕೆಳಗೆ ಕೈ ಆಡಿಸಿ ನೋಡಿ, ಒಣಗಿದ ಕೈ ಎತ್ತಿ ತೋರಿಸಿ, ಅವನ ಭುಜ ತಟ್ಟುತ್ತಿದ್ದರಂತೆ. ಒಣಗಿದ ಕೈ ಅವನಿಗೆ ಬಹುಮಾನ. ಅದೇ ಮಾತನ್ನು ವಾರಿಜಾಕ್ಷಿಗೆ ಎಷ್ಟು ಸಲ ಹೇಳಿದ್ದನೋ.

ಕೆಲಸ ನೋಡಿ, ವೀಸಾ ಯಾರ ಹೆಸರಿನಲ್ಲಿತ್ತೋ ಆ ಧಣಿ, ಕಫೀಲ್ ಅಲಿ ಬಿನ್ ಖಲ್ಫಾನ್, ಅವನನ್ನು ಮತ್ರಾದ ತನ್ನ ವರ್ಕ್‌ಶಾಪಿಗೆ ಕರೆಸಿಕೊಂಡ. ಉಸ್ತಾದ್, ಅಂದರೆ ಮೇಸ್ತ್ರಿ, ಮಾಡಿದ. ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಕೊಟ್ಟ. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಕಾಗದ ಮಾಡಿಸಿದ. ವಾರಿಜಾಕ್ಷಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು. ವಿಮಾನದಲ್ಲಿ ಬೆಲ್ಟು ಕಟ್ಟಲು ಗೊತ್ತಾಗದೆ ಸೆರಗಿನಿಂದ ಬಿಗಿದುಕೊಂಡು ಬಂದವಳು. ಮಗಳು ಇಂಡಿಯನ್ ಸ್ಕೂಲಿಗೆ ಹೋಗಿ ಇಂಗ್ಲಿಷಿನಲ್ಲಿ ಜಗಳ ಮಾಡುವಷ್ಟಾದಳು. ಅದನ್ನು ಕೇಳಿದಾಗಲೆಲ್ಲ ವಾರಿಜಾಕ್ಷಿಗೆ ಅರ್ಥವಾಗದಿದ್ದರೂ ಹೊಟ್ಟೆ ತುಂಬುತ್ತಿತ್ತು.

ರಿಂಗಿನ ಕೆಲಸ ತಂದವರೂ ಬ್ಯಾರಿಗಳೇ. ಒಂದು ದಿನ ಅವರ ಅಂಗಡಿಗೆ ಡೊರೊತಿ ಬಾಯಿ ಬಂದರು. ಮಂಗಳೂರಿನ ಕಿರಿಸ್ತಾನರು, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಸ್ಕೂಲು ಟೀಚರು. ಗಂಡ ಎಣ್ಣೆ ಕಂಪನಿಯಲ್ಲಿ. ಆ ಕಂಪನಿಯವರ ಕ್ಲಬ್ಬಿನಲ್ಲಿ ಬಾಯಿ ಕಡಲಿಗೆ ಇಳಿಯಲು ಕಲಿತು, ಕ್ಯಾಮರಾ ಕೊಂಡು, ಚಿಪ್ಪಿಲ್ಲದ ಬಸವನಹುಳುಗಳ ಹಿಂದೆ ಬಿದ್ದಿದ್ದರು. ಅವರ ವಿಲಾಯಿತಿ ರಿಂಗು ಮುರಿದಿತ್ತು. ಹೊಸತು ತರಿಸಲು ತಿಂಗಳುಗಟ್ಟಲೆ ಕಾಯಬೇಕು. ಬ್ಯಾರಿಗಳು ಅವರನ್ನು ನೇರ ಗುರುವನ ಮನೆಗೆ ಕರೆದುಕೊಂಡು ಬಂದರು.

ಮುರಿದ ರಿಂಗನ್ನು ಬಾಯಿ ಚಾಪೆಯ ಮೇಲೆ ಇಟ್ಟರು. "ಗುರುವಣ್ಣ, ಇದು ನಿಮ್ಮಿಂದ ಆಗ್ತದಾ?"

ಗುರುವ ಅತ್ತ ಇತ್ತ ತಿರುಗಿಸಿ ನೋಡಿದ. "ಇದು ಎಂತ ಬಾಯಿ, ಇಷ್ಟು ಸಡಿಲ? ನೀರು ಹೋಗುವುದಿಲ್ವಾ?"

ಬಾಯಿಗೆ ಅವಸರ. ಪ್ರಶ್ನೆ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ಸಡಿಲ ಬೇಡ, ಗಟ್ಟಿ ಮಾಡಿ" ಎಂದು ಹೇಳಿ ಹೋದರು.

ಗುರುವ ಗಟ್ಟಿ ಮಾಡಿದ. ಮೊದಲು ಹಿತ್ತಾಳೆಯಲ್ಲಿ ಮಾಡಿದ. ಭಾರಕ್ಕೆ ಕ್ಯಾಮರಾ ನೀರೊಳಗೆ ತಲೆ ತಗ್ಗಿಸಿತು. ಆಮೇಲೆ ಬಾಯಿಯ ಗಂಡ ಕಂಪನಿಯ ಗುಜರಿಯಿಂದ ದಪ್ಪ ಬಿಳಿ ಪ್ಲಾಸ್ಟಿಕ್ ರಾಡು ತಂದುಕೊಟ್ಟ. ಅದನ್ನು ಲೇತಿಗೆ ಹಾಕಿ ಕಡೆದ. ಕ್ಯಾಮರಾದ ಮೂತಿಗೆ ತೊಡಿಸಿದರೆ ಕೂದಲು ಹೋಗಲು ಸಂದಿ ಇಲ್ಲ. ಒಳಗೆ ತೆಳ್ಳಗಿನ ರಬ್ಬರನ್ನೂ ಕೂರಿಸಿದ, ಪಂಪಿಗೆ ಕೂರಿಸುವ ಹಾಗೆ. ಆ ಸಂಜೆ ರಿಂಗನ್ನು ಲೋಟದ ಬಾಯಿಗೆ ಹಾಕಿ, ಗಾಜು ಮುಚ್ಚಿ, ಬಾಲ್ದಿಯಲ್ಲಿ ಮುಳುಗಿಸಿ ತೆಗೆದ. ಒಳಗೆ ಬೆರಳು ಆಡಿಸಿ ಹೆಂಡತಿಗೆ ತೋರಿಸಿದ.

"ನೋಡು. ಒಣಗಿದೆ."

ಮುಂದಿನ ವಾರ ಡೊರೊತಿ ಬಾಯಿ ಫೋಟೊ ಹಿಡಿದುಕೊಂಡು ಬಂದರು. ಫೋಟೊದ ನಡುವೆ ದೊಡ್ಡ ಬೆಳ್ಳಿ ಗುಳ್ಳೆ. ಅದರ ಹಿಂದೆ ಎಲ್ಲೋ ಹುಳುವಿನ ಬಾಲ.

"ಗುರುವಣ್ಣ, ನಾನು ಹುಳುವಿನ ಫೋಟೊ ತೆಗೆಯಲು ಹೋದದ್ದು. ನೀವು ನನಗೆ ಗಾಳಿಯ ಫೋಟೊ ತೆಗೆಸಿದ್ದೀರಿ."

"ಗಾಳಿಯಾ?"

"ಒಳಗೆ ಗಾಳಿ ಕೂತಿದೆ ಮಾರಾಯ್ರೇ. ಕಡಲ ಅಡಿಯಲ್ಲಿ ನೀರಿನ ಭಾರಕ್ಕೆ ಗಾಜು ಕಚ್ಚಿಕೊಂಡು ಬಿಟ್ಟಿತು. ತೆಗೆಯಲಿಕ್ಕೆ ಆಗಲಿಲ್ಲ. ಮೇಲೆ ಬಂದ ಮೇಲೆ ತನ್ನಿಂದ ತಾನೇ ಬಿಟ್ಟಿತು. ಗಾಜಿಗೂ ಕ್ಯಾಮರಾಕ್ಕೂ ನಡುವೆ ನೀರು ಇರಬೇಕು. ಪೂರ್ತಿ ನೀರು. ಒಂದು ಗುಳ್ಳೆ ಇರಬಾರದು."

ಗುರುವ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದ. "ಅಂದರೆ ನೀರು ಹೋಗಬೇಕು."

"ಹೋಗಬೇಕು."

"ನಾನು ಒಟ್ಟೆ ಹಾಕಬೇಕು."

"ಹೌದು. ಕೆಳಗೆ ಒಂದು, ನೀರು ಬರಲಿಕ್ಕೆ. ಮೇಲೆ ಒಂದು, ಗಾಳಿ ಹೋಗಲಿಕ್ಕೆ."

"ಹಾಲಿನ ಡಬ್ಬಕ್ಕೆ ಎರಡು ಒಟ್ಟೆ ಹಾಕ್ತೇವಲ್ಲ, ಹಾಗೆ" ಎಂದಳು ವಾರಿಜಾಕ್ಷಿ, ಚಹಾ ಕೊಡುತ್ತ.

"ಅದೇ ಮತ್ತೆ!" ಎಂದರು ಬಾಯಿ.

ಗುರುವನಿಗೆ ನಗು ಬರಲಿಲ್ಲ. ಬಾಯಿ ಹೋದ ಮೇಲೆ ಡ್ರಿಲ್ಲು ಕೈಗೆ ತೆಗೆದುಕೊಂಡ, ಇಟ್ಟ. ಮತ್ತೆ ತೆಗೆದುಕೊಂಡ, ಮತ್ತೆ ಇಟ್ಟ. ಜೀವಮಾನವೆಲ್ಲ ನೀರು ನಿಲ್ಲಿಸಿದ ಕೈ. ಕೊನೆಗೆ ಅದನ್ನು ಹೆಂಡತಿಯ ಕಡೆ ಸರಿಸಿದ.

"ನೀನೇ ಹಾಕು. ನಾನು ಆ ಕಡೆ ತಿರುಗಿ ಕೂತುಕೊಳ್ತೇನೆ."

ಅಂದಿನಿಂದ ಆ ಮನೆಯ ಪದ್ಧತಿ ಅದೇ ಆಯಿತು. ರಿಂಗು ಅವನದ್ದು, ತೂತು ಅವಳದ್ದು. ಅವಳು ಮೊದಲು ಬೇಕಾಬಿಟ್ಟಿ ಹಾಕಿದಳು. ಎರಡು ರಿಂಗು ಬಿರುಕು ಬಿಟ್ಟವು. ಆಮೇಲೆ ಕೈ ಕೂತಿತು. ತೂತಿನ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ ನಯ ಮಾಡುವುದು ಕಲಿತಳು. ಅಂಚು ಒರಟಾಗಿದ್ದರೆ ಗುಳ್ಳೆ ಅಲ್ಲಿಯೇ ಅಂಟಿಕೊಳ್ಳುತ್ತದೆ. ಗಾಜು ಕೈ ಜಾರಿ ಕಡಲ ಅಡಿಗೆ ಬೀಳದ ಹಾಗೆ ಬಲೆಯ ನೂಲಿನಲ್ಲಿ ರಿಂಗಿಗೆ ಕಟ್ಟುವುದನ್ನು ಹಾಜಬ್ಬ ಬ್ಯಾರಿಗಳೇ ತೋರಿಸಿಕೊಟ್ಟರು. ನೂಲೂ ಅವರ ಅಂಗಡಿಯದ್ದೇ.

ವರ್ಕ್‌ಶಾಪಿನಲ್ಲಿ ಮಾತ್ರ ಈ ತೂತಿನ ವಿಷಯ ಯಾರಿಗೂ ಗೊತ್ತಾಗಬಾರದು. ಅದು ಗುರುವನ ಕಟ್ಟಪ್ಪಣೆ. "ಉಸ್ತಾದ್ ಒಟ್ಟೆ ಸಾಮಾನು ಮಾಡ್ತಾನೆ ಅಂತ ಆದರೆ ನಾಳೆ ಪಂಪು ಯಾರು ತರ್ತಾರೆ?" ಅದಕ್ಕೇ ರಿಂಗುಗಳನ್ನು ಲುಂಗಿಯಲ್ಲಿ ಕಟ್ಟಿ ಮನೆಗೆ ತರುವುದು. ತೂತು ಬಿದ್ದ ಮೇಲೆ ಮನೆಯಿಂದಲೇ ಬಾಯಿಗೆ ಕೊಡುವುದು. ವರ್ಕ್‌ಶಾಪಿನವರು ತಿಳಿದುಕೊಂಡದ್ದು ಏನೆಂದರೆ, ಉಸ್ತಾದನ ರಿಂಗಿನೊಳಗೆ ಕಡಲೇ ನುಗ್ಗುವುದಿಲ್ಲ.

ಆದರೆ ಆ ನವೆಂಬರಿನಲ್ಲಿ ಬಂದದ್ದು ಕ್ಲಬ್ಬಿನ ಆರ್ಡರು, ಒಂದು ಡಜನ್. ಬಿಲ್ಲು ವರ್ಕ್‌ಶಾಪಿನ ಹೆಸರಿನಲ್ಲಿ ಬೇಕು ಎಂದಿದ್ದರು. ಹಾಗಾಗಿ ತೂತು ಹಾಕಿದ ರಿಂಗುಗಳು ಮೊದಲ ಸಲ ವರ್ಕ್‌ಶಾಪಿಗೆ ವಾಪಸು ಹೋದವು. ಕೀಲು ಕೂರಿಸಿ, ಕಾಗದ ಸುತ್ತಿ ತಾನೇ ಕೊಡುತ್ತೇನೆ ಎಂದುಕೊಂಡಿದ್ದ ಗುರುವ. ಅದೇ ದಿನ ಹೋದ.

ಮಸ್ಕತ್ತಿನಲ್ಲೇ ಬೆಂಕಿ ಕೊಟ್ಟರು. ಮತ್ರಾದ ಹಳೆಯ ಹಿಂದೂ ವ್ಯಾಪಾರಿಗಳು, ಹೆಸರೂ ಗೊತ್ತಿಲ್ಲದವರು, ಸೌದೆಯಿಂದ ಹಿಡಿದು ಎಲ್ಲ ವ್ಯವಸ್ಥೆ ಮಾಡಿದರು. ಅಂಗಾರ ಮಗನ ಜಾಗದಲ್ಲಿ ನಿಂತ. ಹಾಜಬ್ಬ ಬ್ಯಾರಿಗಳ ಹೆಂಡತಿ ಆಮಿನಮ್ಮ ಹೊತ್ತು ಹೊತ್ತಿಗೆ ಗಂಜಿ ಚಟ್ನಿ ಕಳಿಸಿದರು. ಮೀನು ಇಲ್ಲ, ಮಾಂಸ ಇಲ್ಲ. "ನಿಮ್ಮಲ್ಲಿ ಈಗ ತಿನ್ನಬಾರದಲ್ಲ" ಎಂದು ಅವರೇ ಕೇಳಿ ತಿಳಿದುಕೊಂಡು ಮಾಡಿದ್ದು. ವಾರಿಜಾಕ್ಷಿ ಅದನ್ನು ಉಣ್ಣುತ್ತ, ತಾನು ಒಂಟಿಯಲ್ಲ ಎಂದು ತಿಳಿದಳು. ಆದರೂ ಅಳು ನಿಲ್ಲಲಿಲ್ಲ.

ಕಫೀಲ್ ಬಂದು ಚಾಪೆಯ ಮೇಲೆ ಕೂತ. ಅವನು ವಾರಿಜಾಕ್ಷಿಯನ್ನು ಕರೆಯುವುದು ಉಮ್ಮ್ ಕುಸುಮ್ ಎಂದು. ಅವರಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ಅವಳು ಅವನನ್ನು ಅರ್ಬಾಬ್, ಅಂದರೆ ಧಣಿ, ಎನ್ನುವುದು. ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಮಾತಾಡಿದ.

"ಉಮ್ಮ್ ಕುಸುಮ್, ಗುರುವ ನನ್ನ ತಮ್ಮನ ಹಾಗೆ. ಆದರೆ ನಿಮ್ಮ ವೀಸಾ ಅವನ ಹೆಸರಿಗೆ ಅಂಟಿಕೊಂಡದ್ದು. ಅವನಿಲ್ಲ, ವೀಸಾ ಇಲ್ಲ. ಹೊಸ ವರ್ಷದ ಮೊದಲ ವಾರ ಟಿಕೆಟು ಮಾಡಿಸುತ್ತೇನೆ."

"ಅರ್ಬಾಬ್, ಮಾರ್ಚಿಗೆ ಮಗಳ ಪರೀಕ್ಷೆ."

"ಊರಿನಲ್ಲಿ ಬರೆಯಲಿ."

ಊರಿನಲ್ಲಿ ಬರೆಯುವ ಹಾಗಿರಲಿಲ್ಲ. ಅಲ್ಲಿಯ ಪಾಠ ಬೇರೆ, ಪುಸ್ತಕ ಬೇರೆ. ನಡು ವರ್ಷದಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ? ಒಂದು ವರ್ಷ ಹೋದರೆ ಓದೇ ಹೋಗುತ್ತದೆ ಎಂದು ವಾರಿಜಾಕ್ಷಿಗೆ ಗೊತ್ತಿತ್ತು. ಗಂಡನ ಅಣ್ಣ ಆಗಲೇ ಫೋನು ಮಾಡಿದ್ದ. "ಹುಡುಗಿ ಬರಲಿ, ಇಲ್ಲಿ ಒಂದು ಸಂಬಂಧ ಉಂಟು" ಎಂದಿದ್ದ. ಅವನು ಕೆಟ್ಟವನಲ್ಲ. ಅವನ ಹೆಣ್ಣುಮಕ್ಕಳೂ ಹಾಗೇ ಹೋದವರು. ವಾರಿಜಾಕ್ಷಿಯೂ ಹಾಗೇ ಬಂದವಳು. ಕುಸುಮ ಹಾಗೆ ಹೋಗಬಾರದು. ಅವಳಿಗೆ ಬೇಕಾದದ್ದು ಅದೊಂದೇ. ಕುಸುಮ ಮಸ್ಕತ್ತಿನಲ್ಲಿ ಕೂತು ಆ ಪರೀಕ್ಷೆ ಬರೆಯಬೇಕು.

ಡೊರೊತಿ ಬಾಯಿ ಬಂದು ಅಪ್ಪಿಕೊಂಡು ಅತ್ತರು. "ನನ್ನ ಮನೆಗೆ ಬನ್ನಿ ವಾರಿಜಕ್ಕ. ಅಡಿಗೆಯವರು ಅಂತ ವೀಸಾ ಮಾಡಿಸ್ತೇನೆ." ವಿಚಾರಿಸಿದರೆ, ಮನೆಗೆಲಸದ ವೀಸಾದಲ್ಲಿ ಮಗಳನ್ನು ಇಟ್ಟುಕೊಳ್ಳಲು ಆಗುವುದಿಲ್ಲವಂತೆ. ತಾಯಿ ಉಳಿಯಬಹುದು, ಮಗಳು ಹೋಗಬೇಕು. ಹಾಜಬ್ಬ ಬ್ಯಾರಿಗಳು ಯಾರು ಯಾರನ್ನೋ ಕೇಳಿ ಬಂದು ಹೇಳಿದರು. "ಒಂದೇ ದಾರಿ ತಂಗಿ. ಕಫೀಲ್ ತನ್ನ ವರ್ಕ್‌ಶಾಪಿನ ಕೆಲಸಕ್ಕೆ ಅಂತಲೇ ನಿನ್ನನ್ನು ತೆಗೆದುಕೊಳ್ಳಬೇಕು. ಮನೆಯೂ ಅವರದ್ದೇ ಅಲ್ವಾ, ಆಗ ಮಗಳಿಗೂ ಆಗ್ತದೆ."

ಬ್ಯಾರಿಗಳು ಕೇಳಿಯೂ ಕೇಳಿದರು. ಕಫೀಲ್ ಸಿಟ್ಟು ಮಾಡಲಿಲ್ಲ, ನಕ್ಕ. "ಲೇತಿನ ವರ್ಕ್‌ಶಾಪಿನಲ್ಲಿ ಹೆಂಗಸಿಗೆ ಏನು ಕೆಲಸ ಹಾಜಬ್ಬ? ಆಫೀಸಿನವರು ಕೇಳಿದರೆ ಏನು ಬರೆಯಲಿ?"

ಬ್ಯಾರಿಗಳು ಬಂದು ಅದನ್ನೇ ವಾರಿಜಾಕ್ಷಿಗೆ ಹೇಳಿದರು. ಡೊರೊತಿ ಬಾಯಿ ಕ್ರಿಸ್ಮಸ್ಸಿಗೆ ಊರಿಗೆ ಹೋದರು. ವಾರಿಜಾಕ್ಷಿ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸಿದಳು. ಕುಸುಮ ಮಾತು ಬಿಟ್ಟಳು. ಪುಸ್ತಕ ಮಾತ್ರ ಬಿಡಲಿಲ್ಲ. ಹೋಗುವುದು ಗೊತ್ತಿದ್ದೂ ಓದುತ್ತಿದ್ದಳು. ಅದನ್ನು ನೋಡಲು ಆಗದೆ ತಾಯಿ ಅಡಿಗೆಮನೆಯಲ್ಲಿ ಕೂತುಕೊಳ್ಳುತ್ತಿದ್ದಳು.

ಟಿಕೆಟು ಆದ ಮೇಲೆ ಒಂದು ಬೆಳಿಗ್ಗೆ ವರ್ಕ್‌ಶಾಪಿನ ಪಿಕಪ್ಪು ಬಂದು ಬಾಗಿಲಲ್ಲಿ ನಿಂತಿತು. ಅಂಗಾರ ಇಳಿದ. ಮುಖ ಬಿಳಿಚಿಕೊಂಡಿತ್ತು. "ಅಕ್ಕ, ಮನೆಯಲ್ಲಿ ಉಸ್ತಾದರು ಮಾಡಿದ ಬೇರೆ ರಿಂಗು ಉಂಟಾ? ಅರ್ಬಾಬ್ ಕರೆಯುತ್ತಾರೆ."

ಅವಳು ದಾರಿಯಲ್ಲಿ ಬ್ಯಾರಿಗಳನ್ನೂ ಹತ್ತಿಸಿಕೊಂಡಳು. ಗಂಡ ಸತ್ತ ಜಾಗಕ್ಕೆ ಒಬ್ಬಳೇ ಹೋಗಲು ಕಾಲು ಬರಲಿಲ್ಲ.

ಕಫೀಲನ ಮೇಜಿನ ಮೇಲೆ ಒಂದು ಡಜನ್ ರಿಂಗು ಸುರಿದಿತ್ತು. ಜೊತೆಗೆ ಫೋಟೊಗಳು. ಒಂದೊಂದರಲ್ಲೂ ಬೆಳ್ಳಿ ಗುಳ್ಳೆ. ಕ್ಲಬ್ಬಿನ ಬಿಳಿಯರು ರಜೆಯಲ್ಲಿ ಒಂದು ದ್ವೀಪಕ್ಕೆ ಹೋಗಿ, ಕಡಲಿಗೆ ಇಳಿದು ಬಂದು, ಎಲ್ಲವನ್ನೂ ವಾಪಸು ಎಸೆದು ಹೋಗಿದ್ದರು. ಕಫೀಲ್ ತಲೆಗೆ ಕೈ ಕೊಟ್ಟು ಕೂತಿದ್ದ. "ಇಷ್ಟು ವರ್ಷದಲ್ಲಿ ನನ್ನ ಬಾಗಿಲಿಗೆ ಸಾಮಾನು ವಾಪಸು ಬಂದದ್ದಿಲ್ಲ. ಗುರುವನ ಕೈಯ ಕೆಲಸ, ಉಮ್ಮ್ ಕುಸುಮ್! ಅವನದ್ದೇ ಹೀಗಾದರೆ ಇನ್ನು ಖಲಾಸ್."

ವಾರಿಜಾಕ್ಷಿ ಒಂದು ರಿಂಗು ಎತ್ತಿ ಬೆಳಕಿಗೆ ಹಿಡಿದಳು. ಬೆರಳಿನಿಂದ ಸುತ್ತ ಸವರಿದಳು. ನುಣ್ಣಗೆ ಇತ್ತು. ಇನ್ನೊಂದನ್ನು ಎತ್ತಿದಳು. ಅದೂ ನುಣ್ಣಗೆ.

"ಅಂಗಾರ, ಒಟ್ಟೆ ಎಲ್ಲಿ?"

ಅಂಗಾರ ನೆಲ ನೋಡಿದ.

"ನಾನು ಹಾಕಿದ ಒಟ್ಟೆ ಎಲ್ಲಿ ಮಾರಾಯ?"

"ನೀವಾ ಅಕ್ಕ ಹಾಕಿದ್ದು?" ಅವನ ಬಾಯಿ ತೆರೆದೇ ಉಳಿಯಿತು. ಆಮೇಲೆ ಅಳುತ್ತ ಹೇಳಿದ. "ಲುಂಗಿ ಬಿಚ್ಚಿ ನೋಡಿದೆ. ಎಲ್ಲದಕ್ಕೂ ಎರಡೆರಡು ಒಟ್ಟೆ. ಕೊನೆಗೆ ಉಸ್ತಾದರಿಗೆ ಮೈ ಸರಿ ಇರಲಿಲ್ಲ, ಕೈ ತಪ್ಪಿದೆ ಅಂತ ಅಂದುಕೊಂಡೆ. ಸತ್ತವರ ಮಾನ ಹೋಗಬಾರದು ಅಂತ ಗಮ್ಮು ಹಾಕಿ ಮುಚ್ಚಿದೆ. ಉಜ್ಜಿ ಉಜ್ಜಿ ನಯ ಮಾಡಿದೆ. ಯಾರಿಗೂ ಹೇಳದೆ ಕ್ಲಬ್ಬಿಗೆ ಕಳಿಸಿದೆ."

ವಾರಿಜಾಕ್ಷಿಗೆ ನಗು ಬಂತು. ಗಂಡ ಹೋದ ಮೇಲೆ ಬಂದ ಮೊದಲ ನಗು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಗುತ್ತ ನಗುತ್ತ ಅದು ಅಳುವಾಯಿತು. ಕಫೀಲ್ ಹೆದರಿ ನೀರು ತರಿಸಿದ. ಅವಳು ಆ ನೀರು ಕುಡಿಯಲಿಲ್ಲ.

"ಬಾಲ್ದಿಯಲ್ಲಿ ತನ್ನಿ" ಎಂದಳು. "ಡ್ರಿಲ್ಲೂ ಕೊಡಿ."

ಅಂಗಾರ ರಿಂಗನ್ನು ವೈಸಿನ ಇಕ್ಕಳದಲ್ಲಿ ಹಿಡಿಸಿದ. ಬೆಳಕಿಗೆ ಓರೆ ಹಿಡಿದರೆ ಗಮ್ಮಿನ ಗುರುತು ಮಾಸಲಾಗಿ ಕಾಣುತ್ತಿತ್ತು. ಅವಳು ಅದರ ಮೇಲೆಯೇ ಡ್ರಿಲ್ಲು ಇಟ್ಟು ತಿರುಗಿಸಿದಳು. ಕೆಳಗೆ ಒಂದು, ಮೇಲೆ ಒಂದು. ಅಂಚು ಉಜ್ಜಿದಳು. ಕಫೀಲನ ಚಹಾದ ಗಾಜಿನ ಲೋಟವನ್ನೇ ಎತ್ತಿ, ತೊಳೆದು, ರಿಂಗನ್ನು ಅದರ ತಳಕ್ಕೆ ತೊಡಿಸಿ, ದಪ್ಪ ಗಾಜು ಮುಚ್ಚಿದಳು. ಮೊದಲು ತೂತಿಲ್ಲದ ರಿಂಗು ಹಾಕಿ ಮುಳುಗಿಸಿ ತೋರಿಸಿದಳು. ನಡುವೆ ಗುಳ್ಳೆ ಹೊಳೆಯಿತು. ಆಮೇಲೆ ತೂತಿನದ್ದು. ಸಣ್ಣ ಗುಳ್ಳೆಗಳ ಸಾಲು ಮೇಲಿನ ತೂತಿನಿಂದ ಎದ್ದು ಹೋಯಿತು. ಒಳಗೆ ಬರೀ ನೀರು. ಗಾಜು ಇದೆಯೋ ಇಲ್ಲವೋ ಎಂಬ ಹಾಗೆ ತಿಳಿ.

ಕಫೀಲ್ ಬಗ್ಗಿ ಬಗ್ಗಿ ನೋಡಿದ. ಗಡ್ಡದ ತುದಿ ಒದ್ದೆಯಾಯಿತು.

"ನೀರು ಒಳಗೆ ಹೋಗಬೇಕಾ?"

"ಹೋಗಬೇಕು ಅರ್ಬಾಬ್."

"ಗುರುವ ಇಲ್ಲಿ ಕೂತು ನೀರು ನಿಲ್ಲಿಸುತ್ತಿದ್ದ. ನೀನು ಮನೆಯಲ್ಲಿ ಕೂತು ಬಿಡುತ್ತಿದ್ದೆ. ನನಗೆ ಒಂದು ಮಾತು ಹೇಳಲಿಲ್ಲ ಇಬ್ಬರೂ!"

"ಅವರಿಗೆ ನಾಚಿಕೆ ಅರ್ಬಾಬ್."

ಅವನು ದೊಡ್ಡದಾಗಿ ನಕ್ಕ. ಹಾಜಬ್ಬ ಬ್ಯಾರಿಗಳು ಅದೇ ಹೊತ್ತಿಗೆ ಕಾದಿದ್ದವರ ಹಾಗೆ ಬಾಯಿ ಹಾಕಿದರು. "ಅರ್ಬಾಬ್, ಹೆಂಗಸಿಗೆ ಇಲ್ಲಿ ಏನು ಕೆಲಸ ಅಂತ ಕೇಳಿದ್ದಿರಲ್ಲ? ಈಗ ನೀವೇ ಹೇಳಿ. ಈ ಡಜನ್ ಯಾರು ಸರಿ ಮಾಡ್ತಾರೆ? ಅಂಗಾರನಾ? ಅವನು ಇನ್ನೊಂದು ಡಜನ್‌ಗೆ ಗಮ್ಮು ಹಾಕ್ತಾನೆ."

ಅಂಗಾರನೂ ಮೂಗು ಒರೆಸಿಕೊಂಡು ನಕ್ಕ.

ಕಫೀಲ್ ಮಣಿಸರ ಎಣಿಸತೊಡಗಿದ. ವಾರಿಜಾಕ್ಷಿಗೆ ತಡೆಯಲಾಗಲಿಲ್ಲ. "ಮಗಳ ಪರೀಕ್ಷೆ ಮುಗಿಯುವವರೆಗೆ ಸಾಕು ಅರ್ಬಾಬ್. ಆಮೇಲೆ ಕಳಿಸಿ. ನಾನು ಒಂದು ಮಾತು ಆಡುವುದಿಲ್ಲ."

"ಪರೀಕ್ಷೆಗೆ ಅಂತ ವೀಸಾ ಇಲ್ಲ ಉಮ್ಮ್ ಕುಸುಮ್. ಕೆಲಸಕ್ಕೆ ಅಂತ ಇರುವುದು. ಪರೀಕ್ಷೆ ಮುಗಿಯಿತು ಅಂತ ನೀನು ಎದ್ದು ಹೋದರೆ ಈ ಬಿಳಿಯರಿಗೆ ನಾನು ಏನು ಹೇಳಲಿ?" ಅವನು ಎದ್ದು, ಹಿಂದಿನ ಸ್ಟೋರ್ ರೂಮಿನ ಬಾಗಿಲು ತೆರೆದ. ಅದಕ್ಕೆ ಗಲ್ಲಿಯ ಕಡೆಗೆ ಬೇರೆಯೇ ಬಾಗಿಲು ಇತ್ತು. "ನೀನು ಇಲ್ಲಿ ಕೂತುಕೋ. ಗಂಡಸರು ಆ ಕಡೆ. ಅಂಗಾರ, ಆ ಕಬ್ಬಿಣ ಎಲ್ಲ ಹೊರಗೆ ಹಾಕು. ಯಲ್ಲಾ, ಬೇಗ!"

ಕಾಗದ ಸುಲಭವಾಗಿ ಆಗಲಿಲ್ಲ. ಕಫೀಲ್ ತಾನೇ ಆಫೀಸಿಗೆ ಅಲೆದ. ಒಂದು ಸಲ ವಾಪಸು ಕಳಿಸಿದರು, ಮತ್ತೆ ಹೋದ. ಕುಸುಮಳನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಂಡ. ತಾಯಿಯ ಕೆಲಸ ಏನೆಂದು ಅವಳೇ ಬರೆದಳು. ಬರೆಯುತ್ತ ಮೊದಲ ಸಲ ಮಾತಾಡಿದಳು. "ಅಮ್ಮಾ, ಯು ಆರ್ ಎ ಫಿಟ್ಟರ್ ನೌ."

"ಹಾಗೆಂದರೆ?"

"ಪಪ್ಪನ ಹಾಗೆ."

ಟಿಕೆಟಿನ ದಿನ ವಿಮಾನ ಅವರಿಲ್ಲದೆ ಹೋಯಿತು. ಮಾರ್ಚಿನಲ್ಲಿ ಕುಸುಮ ಪರೀಕ್ಷೆ ಬರೆದಳು. ಮೊದಲ ದಿನ ಅಂಗಾರ ಪಿಕಪ್ಪಿನಲ್ಲಿ ಬಿಟ್ಟು ಬಂದ. ಸ್ಕೂಲಿನ ಗೇಟಿನಲ್ಲಿ ಆಮಿನಮ್ಮ ಬುರ್ಖಾದೊಳಗಿಂದ ಒಂದು ಹಿಡಿ ಬಾದಾಮಿ ತೆಗೆದು ಅವಳ ಕೈಗೆ ತುಂಬಿದರು. ವಾರಿಜಾಕ್ಷಿ ಗೇಟಿನ ಹೊರಗೆ ಮರದ ಕೆಳಗೆ ಕೂತಳು. ಒಳಗೆ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಇಷ್ಟು ಜನ ಸೇರಿ ತನ್ನ ಮಗಳನ್ನು ಆ ಬೆಂಚಿನವರೆಗೆ ಎತ್ತಿ ತಂದು ಕೂರಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಯಾರಿಗೆ ಮೊದಲು ಕೈ ಮುಗಿಯುವುದು ಗೊತ್ತಾಗಲಿಲ್ಲ. ಸುಮ್ಮನೆ ಕೈ ಮುಗಿದು ಕೂತಳು.

ಗಂಡನಿಗೂ ಮುಗಿದಳು. ಅವನಿಗೆ ನಾಚಿಕೆ ಇರದಿದ್ದರೆ ಡ್ರಿಲ್ಲು ಅವಳ ಕೈಗೆ ಬರುತ್ತಿರಲಿಲ್ಲ.

ಡೊರೊತಿ ಬಾಯಿ ಊರಿಂದ ಬಂದವರು ಸುದ್ದಿ ಕೇಳಿ ಹಣೆ ಚಚ್ಚಿಕೊಂಡರು. "ನಾನೊಬ್ಬಳು ಇಲ್ಲದ ಹೊತ್ತಿಗೆ ಎಷ್ಟು ದೊಡ್ಡ ನಾಟಕ ಮಾಡಿದ್ದೀರಿ!" ಆ ಬೇಸಿಗೆಯಲ್ಲಿ ವಾರಿಜಾಕ್ಷಿಯನ್ನು ಕಂತಬ್ ಎಂಬ ಕಡಲ ದಂಡೆಗೆ ಕರೆದುಕೊಂಡು ಹೋದರು. ಸೀರೆ ಮೊಣಕಾಲಿಗೆ ಎತ್ತಿಸಿ, ಕನ್ನಡಕದಂಥ ಮುಖವಾಡ ತೊಡಿಸಿ, ಕತ್ತು ಹಿಡಿದು ನೀರಿಗೆ ಅದ್ದಿದರು. ವಾರಿಜಾಕ್ಷಿ ಮೊದಲು ಚೀರಿದಳು. ಆಮೇಲೆ ಕಣ್ಣು ಬಿಟ್ಟಳು. ಕಲ್ಲಿನ ಮೇಲೆ ಒಂದು ಹುಳು ಇತ್ತು, ಹೀರೆ ಬೀಜದಷ್ಟು. ನೀಲಿ ಮೈ, ಹಳದಿ ಅಂಚು. ಬಾಯಿ ಕ್ಯಾಮರಾದ ಗಾಜನ್ನು ಹೆಬ್ಬೆರಳಲ್ಲಿ ಮುಚ್ಚಿದರು. ಗುಳ್ಳೆ ಎದ್ದು ಹೋಯಿತು. ಹುಳು ಏನೂ ತಿಳಿಯದ ಹಾಗೆ ಹರಿದು ಹೋಗುತ್ತಿತ್ತು. ಇಷ್ಟು ಚಿಕ್ಕದಕ್ಕೆ ಇಷ್ಟು ಬಣ್ಣ ಹಚ್ಚಿದವನು ಯಾರೋ ಅವನಿಗೆ ಬೇರೆ ಕೆಲಸ ಇರಲಿಲ್ಲ ಎಂದುಕೊಂಡಳು ವಾರಿಜಾಕ್ಷಿ. ಗುರುವ ಇದನ್ನು ನೋಡಲಿಲ್ಲವಲ್ಲ ಎಂದು ನೋವಾಯಿತು. ನೋಡು ಎಂದರೂ ಅವನು ನೀರಿಗೆ ಇಳಿಯುತ್ತಿರಲಿಲ್ಲ, ಅದೂ ಗೊತ್ತಿತ್ತು.

ಇದೆಲ್ಲ ಆಗಿ ವರ್ಷಗಳಾದವು. ಕುಸುಮ ಹನ್ನೆರಡು ಮುಗಿಸಿ, ಮಂಗಳೂರಿಗೆ ಹೋಗಿ ಲ್ಯಾಬಿನ ಕೆಲಸ ಕಲಿತು, ಈಗ ಮಸ್ಕತ್ತಿನಲ್ಲೇ ರಕ್ತ ಪರೀಕ್ಷೆ ಮಾಡುವ ಕಡೆ ಇದ್ದಾಳೆ. ಮದುವೆ ಯಾವಾಗ ಎಂದು ದೊಡ್ಡಪ್ಪ ಫೋನಿನಲ್ಲಿ ಕೇಳಿದರೆ "ವೆನ್ ಐ ವಾಂಟ್" ಎನ್ನುತ್ತಾಳೆ. ದೊಡ್ಡಪ್ಪನಿಗೆ ಅದು ಯಾವ ತಾರೀಕು ಎಂದು ತಿಳಿಯುವುದಿಲ್ಲ. ಡೊರೊತಿ ಬಾಯಿಯ ಗಂಡನಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಅಲ್ಲಿಂದಲೂ ರಿಂಗಿಗೆ ಆರ್ಡರು ಬರುತ್ತದೆ. ಅಂಗಾರ ಉಸ್ತಾದ್ ಆದ. ಗುರುವನ ಲೇತು ಅವನಿಗೆ ಬಂತು. ಕಡೆಯುವುದು ಅವನು, ಉಳಿದದ್ದು ಸ್ಟೋರ್ ರೂಮಿನಲ್ಲಿ ವಾರಿಜಾಕ್ಷಿ.

ಮತ್ರಾದ ಕಡಲ ಗಾಳಿಯಲ್ಲಿ ಉಪ್ಪು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಲೇತಿನ ಕಬ್ಬಿಣದ ಹಾಸಿನ ಮೇಲೆ ತೆಳ್ಳಗೆ ಕೆಂಪು ತುಕ್ಕು ಏಳುತ್ತದೆ. ಯಾರೂ ಹೇಳಿದ್ದಲ್ಲ, ವೀಸಾದ ಕಾಗದದಲ್ಲಿ ಬರೆದದ್ದೂ ಅಲ್ಲ. ಗಂಡಸರು ಬರುವ ಮೊದಲು ವಾರಿಜಾಕ್ಷಿ ಬೀಗ ತೆಗೆಯುತ್ತಾಳೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಾಸನ್ನು ಈ ತುದಿಯಿಂದ ಆ ತುದಿಗೆ ಒರೆಸುತ್ತಾಳೆ. ಒಣ ಬಟ್ಟೆಯಲ್ಲಿ ಮತ್ತೊಮ್ಮೆ. ಆಮೇಲೆ ಕ್ಯಾನಿನಿಂದ ಎಣ್ಣೆ ಹನಿಸಿ, ಅಂಗೈಯಿಂದ ಸವರಿ ಹರಡುತ್ತಾಳೆ. ಕೈ ಸೋಪಿನಲ್ಲಿ ತೊಳೆದು, ಅಂಗಾರನಿಗೆ ಚಹಾಕ್ಕೆ ನೀರು ಇಡುತ್ತಾಳೆ.